ಕಾರಣ ಹೇಳಿ ಬಿಟ್ಟವನು

ಕೊಡಿಗೇನಹಳ್ಳಿಯಿಂದ ಆಂಧ್ರದ ಗಡಿಯ ಕಡೆಗೆ ಹೊರಟರೆ ಹುಣಸೇಬಂಡೆ ಸಿಗುತ್ತದೆ. ದೊಡ್ಡದೊಂದು ಬಂಡೆಯ ಮೂಡಲ ಮಗ್ಗುಲಿಗೆ ಊರು, ಪಡುವಲ ಮಗ್ಗುಲಿಗೆ ಕೇರಿ. ಮಧ್ಯಾಹ್ನ ಕಳೆದ ಮೇಲೆ ಬಂಡೆಯ ನೆರಳು ಊರಿನ ಮೇಲೆ ಬೀಳುತ್ತದೆ, ಕೇರಿಗೆ ಪೂರ್ತಿ ಬಿಸಿಲು. ಆ ಕೇರಿಯ ಚೌಡಯ್ಯ ಅರವತ್ತು ದಾಟುವವರೆಗೂ ಊರಿಗೆ ತಮಟೆ ಬಾರಿಸಿದವನು. ಅವನ ಅಪ್ಪನೂ ಬಾರಿಸಿದವನೇ, ಅಪ್ಪನ ಅಪ್ಪನೂ ಬಾರಿಸಿದವನೇ.

ತಮಟೆಯ ಹಿಂದೆಯೇ ಬೇರೆ ಚಾಕರಿಗಳೂ ಅಂಟಿಕೊಂಡು ಬಂದಿದ್ದವು. ಊರಲ್ಲಿ ಯಾರಾದರೂ ಸತ್ತರೆ ನೆಂಟರ ಊರುಗಳಿಗೆ ನಡೆದು ಸುದ್ದಿ ಮುಟ್ಟಿಸಬೇಕು, ಗುಂಡಿ ತೋಡಬೇಕು, ಸತ್ತ ದನ ಎಳೆದು ಹಾಕಬೇಕು. ಫೋನು ಬಂದ ಮೇಲೆ ಸುದ್ದಿಗೆ ನಡೆಯುವುದೊಂದು ನಿಂತಿತು. ಉಳಿದದ್ದು ಯಾವುದೂ ನಿಲ್ಲಲಿಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ಹೋಗಿ ನಿಂತರೆ ಒಂದಿಷ್ಟು ರಾಗಿ ಸುರಿಯುತ್ತಿದ್ದರು. ಚೌಡಯ್ಯನ ಕೈ ಮಾತ್ರ ಸುತ್ತ ಹತ್ತೂರಿಗೆ ಗೊತ್ತಿದ್ದ ಕೈ. ಅವನು ಹೆಣದ ಮುಂದೆ ನಡೆದರೆ ಸೊಸೆಯಂದಿರಿಗೂ ಅಳು ಬರುತ್ತದೆ ಎಂದು ಜನ ನಗೆಯಾಡುತ್ತಿದ್ದರು.

ಹೆಂಡತಿ ಪೆದ್ದಮ್ಮ ಹಿಂದೂಪುರದ ಕಡೆಯವಳು. ಮದುವೆಯಾಗಿ ಬಂದು ನಲವತ್ತು ವರ್ಷ ಕಳೆದರೂ ಸಿಟ್ಟು ಬಂದಾಗ ತೆಲುಗೇ ಬಾಯಿಗೆ ಬರುತ್ತಿತ್ತು. ಉಳಿದದ್ದು ಒಬ್ಬಳೇ ಮಗಳು, ರಾಧಾಮಣಿ. ಬಿ.ಎಡ್. ಮುಗಿಸಿ ಊರಿನ ಹೈಸ್ಕೂಲಿನಲ್ಲಿಯೇ ಸಮಾಜ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿಯಾಗಿದ್ದಳು. ಚೌಡಯ್ಯನ ತಮ್ಮ ಸಣ್ಣ ವಯಸ್ಸಿಗೇ ತೀರಿಕೊಂಡಿದ್ದರಿಂದ ಅವನ ಮಗ ಅಂಬರೀಶನನ್ನೂ ಇವರೇ ಬೆಳೆಸಿದರು. ಅಂಬರೀಶ ದೊಡ್ಡವನಾಗಿ, ಮದುವೆಯಾಗಿ, ಪಕ್ಕದ ಮನೆಯಲ್ಲಿದ್ದ.

ರಾಧಾಮಣಿಗೆ ಒಂದು ಅಭ್ಯಾಸ. ನಾಳೆ ಮಾಡಬೇಕಾದ ಪಾಠವನ್ನು ಹಿಂದಿನ ದಿನ ಸಂಜೆ ಜಗಲಿಯ ಮೇಲೆ ಕುಳಿತು ಜೋರಾಗಿ ಹೇಳಿಕೊಳ್ಳುವಳು. ಎದುರಿಗೆ ಮಕ್ಕಳು ಇದ್ದಾರೆ ಎಂದುಕೊಂಡೇ ಹೇಳುವಳು. ಚೌಡಯ್ಯ ಅಲ್ಲೇ ಕುಳಿತು ಹಗ್ಗ ಹೊಸೆಯುತ್ತಲೋ ಬೀಡಿ ಸೇದುತ್ತಲೋ ಕೇಳಿಸಿಕೊಳ್ಳುವನು. ಹೀಗೆ ಕೇಳುತ್ತ ಕೇಳುತ್ತ ಅವನಿಗೆ ಎಷ್ಟೋ ರಾಜರು ಪರಿಚಯವಾಗಿದ್ದರು.

ಜುಲೈ ತಿಂಗಳ ಒಂದು ಸಂಜೆ ಒಂಬತ್ತನೇ ತರಗತಿಗೆ ಅಮೆರಿಕದ ಸ್ವಾತಂತ್ರ್ಯದ ಪಾಠ. ಹದಿಮೂರು ವಸಾಹತುಗಳು ಇಂಗ್ಲೆಂಡಿನ ದೊರೆಯ ಕೈಕೆಳಗಿದ್ದವು, ತೆರಿಗೆ ಹಾಕುವಾಗ ಯಾರೂ ಅವರ ಮಾತು ಕೇಳಲಿಲ್ಲ, ಕೊನೆಗೆ ಅವರೆಲ್ಲ ಒಂದೆಡೆ ಸೇರಿ ಇನ್ನು ನಾವು ನಿಮ್ಮವರಲ್ಲ ಎಂದು ಘೋಷಿಸಿದರು ಎಂದು ರಾಧಾಮಣಿ ಹೇಳಿದಳು. ಮನುಷ್ಯರೆಲ್ಲ ಹುಟ್ಟುವಾಗಲೇ ಸಮಾನರು, ಬದುಕನ್ನೂ ಸ್ವಾತಂತ್ರ್ಯವನ್ನೂ ಯಾರೂ ಯಾರಿಂದಲೂ ಕಿತ್ತುಕೊಳ್ಳುವ ಹಾಗಿಲ್ಲ, ಆಳುವವನಿಗೆ ಅಧಿಕಾರ ಬರುವುದು ಆಳಿಸಿಕೊಳ್ಳುವವರ ಒಪ್ಪಿಗೆಯಿಂದ ಎಂದು ಅದರಲ್ಲಿ ಬರೆದಿದ್ದರು ಎಂದಳು. ದೊರೆ ಮಾಡಿದ ಅನ್ಯಾಯಗಳನ್ನೂ ಒಂದಾದ ಮೇಲೊಂದು ಬರೆದಿದ್ದರು.

ಚೌಡಯ್ಯನ ಕೈಯಲ್ಲಿದ್ದ ಹಗ್ಗ ನಿಂತಿತು.

"ಯಾಕೆ ಬುಡ್ತಾ ಇದೀವಿ ಅಂತ ಹೇಳ್ಬುಟ್ಟು ಬಿಟ್ರಾ?"

"ಹೂಂ ಅಪ್ಪ. ಸುಮ್ಮನೆ ಬಿಟ್ಟು ಹೋದ್ರೆ ಜಗತ್ತು ಏನಂದುಕೊಳ್ಳುತ್ತೆ? ಅದಕ್ಕೇ ಕಾರಣ ಹೇಳಿದ್ರು."

"ಒಪ್ಪಿಗೆ ಅಂದ್ಯಲ್ಲ. ಹಂಗಂದ್ರೆ, ಮುಂಚೆ ಕೇಳ್ಬೇಕು ಅಂತಾನಾ?"

"ಕೇಳಬೇಕು."

ಚೌಡಯ್ಯ ಬಂಡೆಯ ಕಡೆ ನೋಡಿದ. "ಬರೆದೋನು ಒಳ್ಳೇ ಮನುಷ್ಯ" ಎಂದ.

ರಾಧಾಮಣಿ ನಕ್ಕಳು. "ಅದೇ ಕಷ್ಟ ಅಪ್ಪ. ಬರೆದೋನ ಮನೇಲಿ ನೂರಾರು ಜನ ಗುಲಾಮ್ರು ಇದ್ರು. ದನ ಕೊಂಡಂಗೆ ಕೊಂಡ್ಕೊಂಡು ಮಡಿಕ್ಕಂಡಿದ್ದ. ಅವರನ್ನ ಲೆಕ್ಕಕ್ಕೇ ತಗೊಳ್ಲಿಲ್ಲ."

"ಅವ್ನು ಬರೀವಾಗ ಅವ್ರು ಅಲ್ಲೇ ಇದ್ರಾ?"

"ಒಬ್ಬ ಆಳು ಜೊತೇಲೇ ಇದ್ದನಂತೆ. ಬಟ್ಟೆಬರೆ ನೋಡ್ಕೊಳ್ಳೋಕೆ."

"ಹಂಗಾದ್ರೆ ಅವ್ನು ಕೇಳಿಸ್ಕಂಡಿರ್ತಾನೆ" ಎಂದ ಚೌಡಯ್ಯ. "ನೀರು ಕೊಡೋಕೆ ಬಾಗ್ಲತಾವ ನಿಂತೋನಿಗೆ ಎಲ್ಲಾ ಕೇಳಿಸ್ತದೆ ಕಣಮ್ಮ. ಇವ್ನಿಗೇನು ಗೊತ್ತಾಯ್ತದೆ ಅಂತ ಅವ್ರು ಮಾತಾಡ್ತಾನೇ ಇರ್ತಾರೆ."

ಒಳಗಿನಿಂದ ಪೆದ್ದಮ್ಮ ಕೂಗಿದಳು: "ಏಮಯ್ಯಾ, ಮುದ್ದೆ ಆರೋಯ್ತಾ ಅದೆ. ಅಮೆರಿಕಾ ಆಮೇಲೆ ಬುಡಿಸುವಂತೆ."

ಆ ಮಾತು ಅಲ್ಲಿಗೆ ಮುಗಿಯಿತು ಎಂದು ರಾಧಾಮಣಿ ಅಂದುಕೊಂಡಳು. ಚೌಡಯ್ಯ ಮತ್ತೆ ಅದರ ಸುದ್ದಿ ಎತ್ತಲಿಲ್ಲ.

ಆಗಸ್ಟ್ ಹದಿನೈದರಂದು ಹೈಸ್ಕೂಲಿನ ಮುಂದೆ ಬಾವುಟ ಏರಿತು. ಮಕ್ಕಳ ಮೆರವಣಿಗೆಗೆ ಚೌಡಯ್ಯನೇ ತಮಟೆ ಬಾರಿಸಿದ. ಎಲ್ಲ ಮುಗಿದ ಮೇಲೆ ಊರಿನ ಯಜಮಾನ ಮರುಳಸಿದ್ದಯ್ಯ, ಅವನ ಮಗ ಪ್ರಭುದೇವ್, ಇನ್ನೂ ಹತ್ತಾರು ಮಂದಿ ಅರಳಿಕಟ್ಟೆಯ ಮೇಲೆ ಕುಳಿತು ಬೂಂದಿ ತಿನ್ನುತ್ತಿದ್ದರು. ಮರುಳಸಿದ್ದಯ್ಯ ಶಾಲೆಯ ಅಭಿವೃದ್ಧಿ ಸಮಿತಿಗೂ ಅಧ್ಯಕ್ಷ. ಮೆತ್ತಗೆ ಮಾತನಾಡುವವನು, ಯಾರನ್ನೂ ಬೈದವನಲ್ಲ. ಚೌಡಯ್ಯ ಕಟ್ಟೆಯ ಮುಂದೆ ಬಂದು ಹೆಗಲಿನಿಂದ ತಮಟೆ ಇಳಿಸಿ ಕೆಳಗಿಟ್ಟ. ಯಾವಾಗಲೂ "ಬುದ್ಧಿ" ಎನ್ನುತ್ತಿದ್ದವನು ಅವತ್ತು "ಯಜಮಾನ್ರೇ" ಎಂದ.

"ಯಜಮಾನ್ರೇ, ಇವತ್ತಿಂದ ನಾನು ಊರಿಗೆ ತಮಟೆ ಬಾರಿಸಲ್ಲ. ಗುಂಡಿ ತೋಡಲ್ಲ. ದನ ಎಳೆಯಲ್ಲ. ಸುಮ್ನೆ ಬಿಟ್ರೆ ಸೋಮಾರಿ ಅಂತೀರಾ, ಕುಡುದವ್ನೆ ಅಂತೀರಾ. ಅದಕ್ಕೆ ಕಾರಣ ಹೇಳ್ಬುಟ್ಟು ಬುಡ್ತೀನಿ."

ಯಾರೋ ನಕ್ಕರು. ಮರುಳಸಿದ್ದಯ್ಯ ಕೈಯೆತ್ತಿ ನಗುವವರನ್ನು ಸುಮ್ಮನಿರಿಸಿದ. "ಹೇಳು" ಎಂದ.

"ನಮ್ಮಪ್ಪ ಸತ್ತ ದಿವ್ಸ ನಿಮ್ಮನೇಲಿ ನಿಮ್ಮ ತಂಗೀರ ಮದುವೆ. ಹೆಣ ಎತ್ತಬ್ಯಾಡ, ಕೇರೀಲಿ ಯಾರೂ ಅಳಬ್ಯಾಡಿ, ಅಪಶಕುನ ಅಂದ್ರು ನಿಮ್ಮಪ್ಪಾರು. ಅಪ್ಪನ್ನ ಒಳಗೆ ಮಲಗಿಸಿ ಬಾಗ್ಲು ಹಾಕ್ಕಂಡು ಬಂದು ನಿಮ್ಮ ಚಪ್ಪರದ ಮುಂದೆ ಬಾರಿಸ್ದೆ. ಕುಣೀತಾ ಬಾರಿಸು ಅಂದ್ರು. ಕುಣಿದೆ. ಎರಡ್ನೇದು, ನಮ್ಮೋಳಿಗೆ ನೋವು ಬಂದಿತ್ತು. ಮೊದ್ಲ ಬಸುರಿ. ನಿಮ್ಮ ಅಜ್ಜಿ ತೀರ್ಕಂಡ್ರು ಅಂತ ನನ್ನ ಗೊರವನಹಳ್ಳಿಗೆ ಓಡಿಸಿದ್ರಿ, ಸುದ್ದಿ ಹೇಳೋಕೆ. ಒಬ್ಳನ್ನ ಬುಟ್ಟು ಹೆಂಗೋಗ್ಲಿ ಬುದ್ಧಿ ಅಂದ್ರೆ ಹೆಂಗಸ್ರು ನೋಡ್ಕಂತಾರೆ ಹೋಗು ಅಂದ್ರಿ. ನಾನು ಬರೋದ್ರೊಳಗೆ ಗಂಡು ಕೂಸು ಹುಟ್ಟಿ, ಸತ್ತು, ಮಣ್ಣಾಗಿತ್ತು. ಮಖ ನೋಡ್ಲಿಲ್ಲ ನಾನು. ಇನ್ನೊಂದದೆ. ಮೊನ್ನೆ ಮಾತು ಕಲ್ತ ಮಗ ಕೂಡ ನನ್ನ ಲೇ ಚೌಡ ಅಂತದೆ, ನೀವು ನಗ್ತೀರಾ. ಎಲ್ಲಕ್ಕಿಂತ ದೊಡ್ಡದು ಏನಂದ್ರೆ ಯಜಮಾನ್ರೇ, ಬಾರಿಸು ಅಂತ ಎಲ್ರೂ ಹೇಳಿದ್ರಿ. ಬಾರಿಸ್ತೀಯಾ ಅಂತ ಒಬ್ರೂ ಕೇಳ್ಲಿಲ್ಲ. ನಮ್ಮಪ್ಪನ್ನೂ ಕೇಳ್ಲಿಲ್ಲ, ತಾತನ್ನೂ ಕೇಳ್ಲಿಲ್ಲ."

ಪ್ರಭುದೇವ್ ಎದ್ದು ನಿಂತ. ಅಪ್ಪ ಅವನ ತೊಡೆ ತಟ್ಟಿ ಕೂರಿಸಿದ.

"ಮುಗೀತಾ ಚೌಡಯ್ಯ?" ಎಂದ ಮರುಳಸಿದ್ದಯ್ಯ. ಆ ಬಾಯಲ್ಲಿ ಮೊದಲ ಸಲ 'ಅಯ್ಯ' ಸೇರಿತ್ತು. "ಸರಿ. ನಿನ್ನ ಇಷ್ಟ. ಇವತ್ತು ಸ್ವಾತಂತ್ರ್ಯದ ದಿನ, ಸಿಹಿ ತಗೊಂಡು ಹೋಗು." ಕಾಗದದಲ್ಲಿ ಬೂಂದಿ ಸುತ್ತಿ ಕೊಡಿಸಿದ.

ಚೌಡಯ್ಯ ಅದನ್ನು ತಂದು ಪೆದ್ದಮ್ಮನ ಕೈಗೆ ಕೊಟ್ಟು ನಡೆದದ್ದನ್ನು ಹೇಳಿದ. ಅವಳು ಬೂಂದಿಯನ್ನು ಕೋಳಿಗೆ ಎರಚಿದಳು. "ಬೈದಿದ್ರೆ ಬದುಕಿಕೊಂಡಿದ್ವಿ. ಆವಯ್ಯ ಸಿಹಿ ಕೊಟ್ಟವ್ನೆ. ಇನ್ನು ಏಮಿ ಕಾದದೋ" ಎಂದಳು.

ಮಾರನೆಯ ದಿನವೂ ಏನೂ ಆಗಲಿಲ್ಲ. ಆಮೇಲೆ ಕೇರಿಯ ಹೆಂಗಸೊಬ್ಬಳು ಅಂಗಡಿಗೆ ಹೋದರೆ ಎಣ್ಣೆ ಖಾಲಿ. ಉಪ್ಪೂ ಖಾಲಿ. ಹಿಟ್ಟಿನ ಗಿರಣಿ ಗಡಗಡ ತಿರುಗುತ್ತಿದ್ದರೂ ಕೇರಿಯವರು ರಾಗಿ ಹೊತ್ತು ಹೋದಾಗ ಕರೆಂಟ್ ಇಲ್ಲ. ಡೇರಿಯಲ್ಲಿ ಕೇರಿಯ ಹಾಲಿಗೆ ಮಾತ್ರ ಫ್ಯಾಟ್ ಬರಲಿಲ್ಲ. ಅಲ್ಲೇ ಚರಂಡಿಗೆ ಸುರಿದರು. ಕಡಲೆಕಾಯಿ ಕೀಳಲು ಗಡಿಯಾಚೆಯಿಂದ ಟ್ರ್ಯಾಕ್ಟರಿನಲ್ಲಿ ಕೂಲಿಯವರು ಬಂದರು. ಶುದ್ಧ ನೀರಿನ ಘಟಕಕ್ಕೆ ಬೀಗ ಬಿತ್ತು. ಊರಿನವರಿಗೆ ಹಿಂದಿನ ಬಾಗಿಲಿನಿಂದ ನೀರು. ಯಾರೂ ಯಾರನ್ನೂ ಬೈಯಲಿಲ್ಲ, ಯಾರೂ ಡಂಗುರ ಸಾರಲಿಲ್ಲ. ಇಂಥ ದಿನ ಇಂಥವರು ಇಂಥ ತೀರ್ಮಾನ ಮಾಡಿದರು ಎಂದು ತೋರಿಸಲು ಒಂದು ಮಾತೂ ಇರಲಿಲ್ಲ.

ರಾಧಾಮಣಿ ಅಧಿಕಾರಿಗಳಿಗೆ ದೂರು ಕೊಟ್ಟಳು. ಎರಡು ಜೀಪು ಬಂದವು. ಶಾಂತಿಸಭೆ ನಡೆಯಿತು. "ಯಾರು ಬ್ಯಾಡ ಅಂದೋರು ಸಾರ್?" ಎಂದು ಅಂಗಡಿಯವನು ಕೇಳಿದ. "ಮಾಲು ಬಂದಿರ್ಲಿಲ್ಲ. ಈಗ ಬಂದದೆ, ಕೊಡ್ತೀನಿ" ಎಂದು ಅಧಿಕಾರಿಯ ಮುಂದೆಯೇ ಪೆದ್ದಮ್ಮನಿಗೆ ಎಣ್ಣೆ ಅಳೆದು ಕೊಟ್ಟ. ಎಲ್ಲರೂ ಒಟ್ಟಿಗೆ ನಿಂತು ಕಾಗದದ ಲೋಟದಲ್ಲಿ ಟೀ ಕುಡಿದರು, ಫೋಟೊ ತೆಗೆದರು. ಮರುಳಸಿದ್ದಯ್ಯ ಚೌಡಯ್ಯನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ಜೀಪು ಹೊರಟ ಮೇಲೆ ಅಂಗಡಿಯಲ್ಲಿ ಮತ್ತೆ ಎಣ್ಣೆ ಖಾಲಿಯಾಯಿತು.

"ಅಮೆರಿಕದವರಿಗೆ ಒಬ್ಬ ದೊರೆ ಅಂತ ಇದ್ದ ಅಪ್ಪ" ಎಂದಳು ರಾಧಾಮಣಿ. "ನೀನು ಹೀಗೆ ಮಾಡಿದೆ, ಹಾಗೆ ಮಾಡಿದೆ ಅಂತ ಅವನ ಹೆಸರಿಗೆ ಹೇಳಿದ್ರು. ನಾವು ಯಾರಿಗೆ ಹೇಳೋಣ? ಇಲ್ಲಿ ಯಾರೂ ಏನೂ ಮಾಡೇ ಇಲ್ಲ."

ಹೈಸ್ಕೂಲಿನ ಹೆಡ್ ಮಾಸ್ತರು ನಾಗಲಿಂಗಯ್ಯ ಅವಳನ್ನು ಕರೆದು ಕೂರಿಸಿದರು. ಮಕ್ಕಳು ಪ್ರತಿ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಹೇಳುತ್ತಿದ್ದುದು ಅವಳು ಹೇಳಿಕೊಟ್ಟಂತೆಯೇ. ಅದನ್ನು ಇನ್ನು ಬೇರೆಯವರು ಹೇಳಿಸಲಿ ಎಂದರು. "ನೀವು ಪಾಠವನ್ನ ಪಾಠದ ಥರ ಮಾಡಬೇಕಿತ್ತಮ್ಮ. ಪರೀಕ್ಷೆಗೆ ಎಷ್ಟು ಬೇಕೋ ಅಷ್ಟು. ಮನೆಗೆ ತಗೊಂಡು ಹೋಗಬಾರದಿತ್ತು."

"ಮನೆಯಲ್ಲಿ ಓದಬಾರದು ಅಂತೀರಾ ಸರ್?"

"ನಾನು ಏನೂ ಅನ್ನಲ್ಲ. ಸಮಿತಿಯವರು ಬೇರೆ ಅತಿಥಿ ಶಿಕ್ಷಕರನ್ನ ನೋಡಿದ್ದಾರೆ."

ರಾಧಾಮಣಿ ಮಧುಗಿರಿಗೆ ಹೋಗಿ ಒಂದು ಟ್ಯೂಷನ್ ಸೆಂಟರಿನಲ್ಲಿ ಸೇರಿಕೊಂಡಳು. ಅಪ್ಪ ಅಮ್ಮನನ್ನೂ ಕರೆದಳು. "ನಾನು ಚಾಕ್ರಿ ಬುಟ್ಟಿವ್ನಿ, ಊರು ಬುಟ್ಟಿಲ್ಲ" ಎಂದು ಚೌಡಯ್ಯ ಹೋಗಲಿಲ್ಲ.

ಕೇರಿಯವರು ದೀಪಾವಳಿಯವರೆಗೆ ತಡೆದರು. ಆಮೇಲೆ ಒಂದು ದಿನ ಎಲ್ಲರೂ ಚೌಡಯ್ಯನ ಜಗಲಿಯ ಮುಂದೆ ಬಂದು ಕುಳಿತರು. ಮೊದಲು ಮಾತಾಡಿದ್ದು ಚಿಕ್ಕಹನುಮಕ್ಕ, ಕೇರಿಯಲ್ಲೇ ಹಿರಿಯಳು.

"ನೀನು ಹೇಳಿದ್ದು ಸುಳ್ಳಾ ಚೌಡಯ್ಯ? ಒಂದೂ ಸುಳ್ಳಲ್ಲ. ನನ್ನ ಕೇಳಿದ್ರೆ ಇನ್ನೂ ಹತ್ತು ಸೇರಿಸ್ತಿದ್ದೆ. ಆದ್ರೆ ನನ್ನ ನೀನು ಕೇಳಿದ್ಯಾ? ಊರೋರು ನಿನ್ನ ಕೇಳ್ಲಿಲ್ಲ ಅಂತ ಹೇಳ್ದೆ. ನೀನು ನಮ್ಮನ್ನ ಕೇಳ್ದೇನು? ನನ್ನ ಮೊಮ್ಮಗ ಉಪ್ಪಿಲ್ಲದ ಗಂಜಿ ಕುಡೀತದೆ, ಅದು ಯಾರ ಒಪ್ಪಿಗೆ?"

ಆ ಮಾತು ಚೌಡಯ್ಯನನ್ನು ಬಂದು ತಟ್ಟಿದಷ್ಟು ಊರಿನ ಯಾವ ಮಾತೂ ತಟ್ಟಿರಲಿಲ್ಲ. ತಲೆ ತಗ್ಗಿಸಿ ಕುಳಿತ. "ತಪ್ಪಾಯ್ತು ಅತ್ತೆ" ಎಂದ. "ಆದ್ರೂ ತಿರುಗಿ ಎತ್ಕಳಲ್ಲ."

"ನೀನು ಎತ್ಕಬ್ಯಾಡ" ಎಂದಳು ಚಿಕ್ಕಹನುಮಕ್ಕ. "ಅಂಬರೀಶ ಎತ್ಕತಾನೆ."

ಅಂಬರೀಶ ಗುಂಪಿನ ಹಿಂದೆ ನಿಂತಿದ್ದ. ಅವನ ಹೆಂಡತಿ ತುಂಬು ಬಸುರಿ. ದೊಡ್ಡಪ್ಪನ ಮುಖ ನೋಡಲಿಲ್ಲ.

ವಾರದೊಳಗೆ ಕೇರಿಗೆ ಎಣ್ಣೆ, ಉಪ್ಪು, ಕರೆಂಟು, ನೀರು ಎಲ್ಲ ಬಂದವು. ಹಾಲಿನಲ್ಲಿ ಫ್ಯಾಟೂ ಬಂತು. ಚೌಡಯ್ಯನ ಮನೆಗೊಂದಕ್ಕೆ ಬರಲಿಲ್ಲ. ಮೊದಲು ಊರು ಅವನ ಜೊತೆ ಮಾತು ಬಿಟ್ಟಿತ್ತು, ಈಗ ಕೇರಿಯೂ ಬಿಟ್ಟಿತು. ಅವನ ಮನೆಯಲ್ಲಿ ಕಂಡವರಿಗೆ ಕೂಲಿ ಇಲ್ಲ ಎಂದು ಯಾರೋ ಹೇಳಿದ್ದರಂತೆ. ಯಾರು ಎಂದರೆ ಅದೂ ಗೊತ್ತಿಲ್ಲ. ಪೆದ್ದಮ್ಮ ಬೇಕಾದದ್ದನ್ನು ಕೊಡಿಗೇನಹಳ್ಳಿಯಿಂದ ಹೊತ್ತು ತರತೊಡಗಿದಳು.

ಅಂಬರೀಶನ ಕೈ ತಮಟೆಗೆ ಹೊಂದಲಿಲ್ಲ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸುವ ಹದವೂ ತಿಳಿಯದು. ಮಾಘದಲ್ಲಿ ಮರುಳಸಿದ್ದಯ್ಯನ ದಾಯಾದಿಯೊಬ್ಬ ಸತ್ತಾಗ ಅವನು ಹೆಣದ ಮುಂದೆ ಮದುವೆಯ ಗತ್ತು ಬಾರಿಸಿಬಿಟ್ಟ. ನೆಂಟರೂರಿನವರೆಲ್ಲ ನಕ್ಕರು. ಹೆಣದ ಮುಂದೆ ನಗು ಎದ್ದದ್ದು ಊರಿಗೆ ಅವಮಾನವಾಯಿತು. ಪ್ರಭುದೇವ್ ಅವತ್ತೆಲ್ಲ ಯಾರ ಜೊತೆಗೂ ಮಾತಾಡಲಿಲ್ಲ.

ಅದಾದ ಮೂರನೆಯ ಮಧ್ಯಾಹ್ನ ಚೌಡಯ್ಯ ಕೊಡಿಗೇನಹಳ್ಳಿಯಿಂದ ಅಕ್ಕಿ ಹೊತ್ತು ಬರುತ್ತಿದ್ದ. ಬಂಡೆಯ ತಿರುವಿನಲ್ಲಿ ಪ್ರಭುದೇವ್ ಮತ್ತು ಇನ್ನಿಬ್ಬರು ಬೈಕು ಅಡ್ಡ ನಿಲ್ಲಿಸಿದರು. ಅಕ್ಕಿಯನ್ನು ಮಣ್ಣಿಗೆ ಸುರಿದರು. ಅತ್ತ ಮೇಕೆ ಮೇಯಿಸುತ್ತಿದ್ದ ಅಂಬರೀಶನನ್ನು ಪ್ರಭುದೇವ್ ಕೂಗಿ ಕರೆದ.

"ಬಾರಿಸಲ್ಲ ಅಂದ ಕೈ ಯಾವ್ದು ಕೇಳ್ಲಾ ನಿಮ್ಮ ದೊಡ್ಡಪ್ಪನ್ನ."

ಅಂಬರೀಶ ಕಲ್ಲಿನ ಹಾಗೆ ನಿಂತ.

"ಕೇಳಲ್ವಾ? ಹೋಗ್ಲಿ, ಹಿಡ್ಕೊ."

ಅಂಬರೀಶನೇ ಹಿಡಿದುಕೊಂಡ. ಚೌಡಯ್ಯನ ಬಲಗೈಯನ್ನು ಗಡಿಕಲ್ಲಿನ ಮೇಲೆ ಚಾಚಿಸಿ ಮಣಿಕಟ್ಟನ್ನು ಒತ್ತಿ ಹಿಡಿದ. "ದೊಡ್ಡಪ್ಪ, ದೊಡ್ಡಪ್ಪ" ಎಂದು ಅಳುತ್ತಲೇ ಇದ್ದ, ಹಿಡಿತ ಸಡಿಲಿಸಲಿಲ್ಲ. ಪ್ರಭುದೇವ್ ಇನ್ನೊಂದು ಕಲ್ಲು ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಜಜ್ಜಿದ. ಅವಸರವೇನೂ ಮಾಡಲಿಲ್ಲ. ಹೆಬ್ಬೆರಳಿಗೆ ಬಂದಾಗ ಜೊತೆಯಲ್ಲಿದ್ದವನೊಬ್ಬ, "ಅದೊಂದು ಬುಡಣ್ಣ, ಹೆಬ್ಬೆಟ್ಟು ಒತ್ತೋಕೆ ಬೇಕಾಯ್ತದೆ" ಎಂದ. ಮೂವರೂ ನಕ್ಕರು. ಹೆಬ್ಬೆರಳು ಉಳಿಯಿತು.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆಯಬೇಕಾಯಿತು. ಉಳಿದೆರಡು ಮಡಚಿಕೊಂಡೇ ಕೂಡಿಕೊಂಡವು. ಪೊಲೀಸರ ಮುಂದೆ ಹೇಳಿಕೆ ಕೊಡುವಾಗ ಚೌಡಯ್ಯ ಮೂವರ ಹೆಸರು ಹೇಳಿದ. ಅಂಬರೀಶನ ಹೆಸರು ಹೇಳಿದ್ದು ಕಣ್ಣಾರೆ ಕಂಡ ಸಾಕ್ಷಿ ಎಂದು. ಹಿಡಿದುಕೊಂಡವನು ಯಾರು ಎಂಬುದನ್ನು ಪೆದ್ದಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ.

"ಅವ್ನನ್ನ ಯಾಕಯ್ಯಾ ಬುಟ್ಟೆ?" ಎಂದಳು ಪೆದ್ದಮ್ಮ. "ಆ ಕೈಗೆ ಅನ್ನ ತಿನ್ನಿಸಿ ಬೆಳೆಸಿದೋಳು ನಾನು."

"ಅವ್ನನ್ನೂ ಕೇಳ್ಲಿಲ್ಲ ಕಣೇ, ಹಿಡೀತೀಯಾ ಅಂತ" ಎಂದ ಚೌಡಯ್ಯ. "ಕೋರ್ಟ್ನಾಗೆ ಸಾಹೇಬ್ರು ಕೇಳ್ತಾರೆ. ಆಗ ಹೇಳ್ತಾನೆ ನೋಡು."

ಕೇಸು ಎರಡು ವರ್ಷ ನಡೆಯಿತು. ಚೌಡಯ್ಯನನ್ನು ಕಟಕಟೆಗೆ ಕರೆದ ದಿನ ಅವನು ತನ್ನ ಅಪ್ಪ ಸತ್ತ ದಿನದಿಂದ ಶುರು ಮಾಡಿದ. ಆಚೆಯ ವಕೀಲರು ಎದ್ದು ಆಕ್ಷೇಪಿಸಿದರು. ನ್ಯಾಯಾಧೀಶರು ಒರಟಾಗಿಯೇನೂ ಹೇಳಲಿಲ್ಲ: "ಅದೆಲ್ಲ ಈ ಕೇಸಿಗೆ ಸಂಬಂಧವಿಲ್ಲ. ಆ ದಿನ ಯಾರು ಹೊಡೆದರು, ಯಾವುದರಿಂದ ಹೊಡೆದರು, ಅಷ್ಟು ಹೇಳಿ."

"ಯಾಕೆ ಹೊಡೆದ್ರು ಅಂತ ಬ್ಯಾಡವಾ ಸ್ವಾಮಿ?"

"ಕೇಳಿದ್ದಕ್ಕೆ ಉತ್ತರ ಕೊಡಿ."

ಚೌಡಯ್ಯ ಹೇಳಿದ. ಕಲ್ಲು, ಮೂವರು, ಮಧ್ಯಾಹ್ನ. ಅಷ್ಟನ್ನೇ ಹೇಳಿದಾಗ ಅದು ತೀರ ಸಣ್ಣ ಸಂಗತಿಯ ಹಾಗೆ ಕೇಳಿಸಿತು.

ಮುಂದಿನ ವಾಯಿದೆಗೆ ಅಂಬರೀಶ ಬಂದ. ಹೊಸ ಅಂಗಿ ಹಾಕಿದ್ದ. ತಾನು ಆ ದಿನ ಅಲ್ಲಿರಲೇ ಇಲ್ಲ ಎಂದ. ದೊಡ್ಡಪ್ಪ ಬಂಡೆಯ ಮೇಲಿಂದ ಜಾರಿ ಬಿದ್ದರು ಎಂದು ಕೇರಿಯಲ್ಲಿ ಮಾತಾಡಿಕೊಳ್ಳುತ್ತಿದ್ದರು ಎಂದ. ಸರ್ಕಾರದ ವಕೀಲರು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಿ ಎಷ್ಟು ಕೇಳಿದರೂ ಅದನ್ನೇ ಹೇಳಿದ. ಉಳಿದ ಸಾಕ್ಷಿಗಳೂ ಹಾಗೆಯೇ. ಮೂವರಿಗೂ ಬಿಡುಗಡೆಯಾಯಿತು.

ಅವತ್ತು ಸಂಜೆಗೆ ಮೊದಲೇ ಪ್ರಭುದೇವನನ್ನು ತೆರೆದ ಜೀಪಿನಲ್ಲಿ ನಿಲ್ಲಿಸಿ, ಸೇವಂತಿಗೆ ಹಾರ ಹಾಕಿ ಮೆರವಣಿಗೆ ತಂದರು. ಮೆರವಣಿಗೆ ಎಂದೂ ಬಾರದ ಕೇರಿಗೆ ಅವತ್ತು ಬಂತು. ಚೌಡಯ್ಯನ ಮನೆಯ ಮುಂದೆ ಜೀಪು ನಿಂತಿತು. ಮುಂದೆ ಅಂಬರೀಶ ತಮಟೆ ಹಿಡಿದು ನಿಂತಿದ್ದ. ಬಾರಿಸು ಎಂದರು, ಬಾರಿಸಿದ. ಕುಣಿ ಎಂದರು, ಕುಣಿದ. ಚೌಡಯ್ಯ ಜಗಲಿಯ ಮೇಲೆ ಕುಳಿತು ಕೊನೆಯವರೆಗೂ ನೋಡಿದ. ಬಾಗಿಲು ಹಾಕಿಕೊಳ್ಳೋಣ ಎಂದು ಪೆದ್ದಮ್ಮ ರಟ್ಟೆ ಹಿಡಿದು ಎಳೆದರೂ ಏಳಲಿಲ್ಲ.

ತಿಂಗಳು ಕಳೆಯುವುದರೊಳಗೆ ಅಂಬರೀಶ ಹೆಂಡತಿ ಮಗುವಿನೊಂದಿಗೆ ಊರು ಬಿಟ್ಟ. ಹಿಂದೂಪುರದ ಕಡೆ ಯಾವುದೋ ಕಾರ್ಖಾನೆಯಲ್ಲಿದ್ದಾನೆ ಎಂದರು. ಅವನ ತಮಟೆಯನ್ನು ಕೇರಿಯ ಬೇರೆ ಯಾರೂ ಮುಟ್ಟಲಿಲ್ಲ. ಚಿಕ್ಕಹನುಮಕ್ಕನ ಮಕ್ಕಳೂ ಮುಟ್ಟಲಿಲ್ಲ. ಅವರು ಕಾರಣ ಹೇಳಲೂ ಇಲ್ಲ, ಊರು ಕೇಳಲೂ ಇಲ್ಲ. ಒಬ್ಬನ ಕೈ ಜಜ್ಜಿದ ಮೇಲೆ ಇನ್ನೊಬ್ಬನನ್ನು ಕರೆಯುವುದಕ್ಕೆ ಊರಿಗೂ ಅಳುಕು ಎಂದು ಕೆಲವರು ಹೇಳುತ್ತಿದ್ದರು. ಬ್ಯಾಂಡ್‌ಸೆಟ್ಟು ತರಿಸುವುದೇ ಈಗಿನ ಅಂತಸ್ತು, ಅಷ್ಟೇ ಎಂದು ಇನ್ನು ಕೆಲವರು. ಚೌಡಯ್ಯನ ಮೇಲಿನ ಬಹಿಷ್ಕಾರವೂ ಹಾಗೇ ಸವೆಯಿತು. ಅಂಗಡಿಯಲ್ಲಿ ಕೊಟ್ಟರೆ ಕೊಟ್ಟರು. ಅವನು ಎದುರಿಗೆ ಬಂದರೆ ಜನ ಕಂಬವನ್ನು ಕಂಡಂತೆ ಕಂಡು ಮುಂದೆ ಹೋಗುತ್ತಿದ್ದರು.

ಕಳೆದ ವರ್ಷ ಮರುಳಸಿದ್ದಯ್ಯ ತೀರಿಕೊಂಡ. ಸಿರಾದಿಂದ ಬ್ಯಾಂಡ್‌ಸೆಟ್ಟು ಬಂತು. ಕೆಂಪು ಕೋಟು, ಜರಿಯ ಪಟ್ಟಿ, ತಲೆಗೆ ಟೋಪಿ. ಶವವನ್ನು ಅಂಗಳದಲ್ಲಿ ಹೂವಿನ ನಡುವೆ ಕೂರಿಸಿದ್ದರು. ಚೌಡಯ್ಯ ಬೀದಿಯ ಈಚೆ ನಿಂತು ನೋಡಿದ. ಬ್ಯಾಂಡಿನವರು ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತಿದ್ದರು. ಮನೆಯ ಹೆಣ್ಣುಮಕ್ಕಳೇ ಅವರಿಗೆ ಕಾಫಿ ತಂದುಕೊಟ್ಟರು. "ತಗೊಳ್ಳಿ ಅಣ್ಣ" ಎನ್ನುತ್ತಿದ್ದರು. ಕ್ಲಾರಿನೆಟ್ ಊದುವ ನಡುವಯಸ್ಸಿನವನು ಬೀದಿಯಲ್ಲಿ ನಿಂತ ಮುದುಕನನ್ನು ಕಂಡು, ಕೈ ನೋಡಿ ಅಯ್ಯೋ ಅನ್ನಿಸಿರಬೇಕು, ಕರೆದ.

"ದೊಡ್ಡಯ್ಯ, ಬಿಸಿಲಾಗೆ ಯಾಕೆ? ಬನ್ನಿ, ಕುಂತ್ಕಳಿ."

ಚೌಡಯ್ಯ ಹೋಗಿ ಕುಳಿತ. ಎದುರಿಗೆ ಮರುಳಸಿದ್ದಯ್ಯ, ಹಣೆಗೆ ವಿಭೂತಿ, ಕಣ್ಣು ಮುಚ್ಚಿ ಕುಳಿತಿದ್ದಾನೆ. ಈಚೆ ಚೌಡಯ್ಯ ಕುಳಿತಿದ್ದಾನೆ. ಹೆಸರು ಭೀಮರಾಜು ಎಂದು ಕ್ಲಾರಿನೆಟ್ಟಿನವನು ಹೇಳಿಕೊಂಡ. ಊರು, ಮನೆ ವಿಚಾರಿಸಿದ. ಇಬ್ಬರೂ ಒಂದೇ ಜನ ಎಂದು ತಿಳಿದು ಇನ್ನಷ್ಟು ಹತ್ತಿರಕ್ಕೆ ಸರಿದ. ಪ್ರಭುದೇವ್ ನೋಡಿದ. ಅಂಗಳದ ತುಂಬ ತುಮಕೂರಿನಿಂದ ಬಂದ ದೊಡ್ಡ ಜನ. ಹತ್ತಿರ ಬಂದು ಬಗ್ಗಿ, ಚೌಡಯ್ಯನ ಕಿವಿಯಲ್ಲಿ ಹೇಳುವಷ್ಟು ಮೆತ್ತಗೆ ಕೇಳಿದ:

"ಯಾಕೆ ಬಂದೆ?"

"ನೋಡೋಕೆ ಬಂದೆ."

ಪ್ರಭುದೇವ್ ಏನೂ ಮಾಡುವಂತಿರಲಿಲ್ಲ. ಶವ ಎತ್ತುವವರೆಗೂ ಚೌಡಯ್ಯ ಕುಳಿತೇ ಇದ್ದ.

ಮಣ್ಣು ಮುಗಿಸಿ ಬ್ಯಾಂಡಿನವರು ತಮ್ಮ ಟೆಂಪೊ ಹತ್ತಿದರು. ಅವರ ಗಾಡಿ ಬಂಡೆಯ ತಿರುವು ದಾಟಿದ ಕೂಡಲೇ ಪ್ರಭುದೇವ್ ಪೈಪು ಹಾಕಿಸಿದ. ಚೌಡಯ್ಯ ಕುಳಿತ ಕುರ್ಚಿಯೊಂದನ್ನೇ ಅಲ್ಲ, ಬ್ಯಾಂಡಿನವರು ಕುಳಿತ ಅಷ್ಟೂ ಕುರ್ಚಿಗಳನ್ನು ಬೇರೆ ಮಾಡಿಸಿ ತೊಳೆಸಿದ. ಅವರು ಕುಡಿದ ಲೋಟಗಳನ್ನು ಕೋಲಿನ ತುದಿಯಿಂದ ಗೋಣಿಚೀಲಕ್ಕೆ ತಳ್ಳಿಸಿ ತಿಪ್ಪೆಗೆ ಎಸೆಯಿಸಿದ. ಕಾಫಿ ಕೊಟ್ಟ ಹೆಣ್ಣುಮಕ್ಕಳು ಸಗಣಿ ನೀರು ಚಿಮುಕಿಸಿದರು. ಕೇರಿಗೆ ತಿರುಗುವ ದಾರಿಯಲ್ಲಿ ನಿಂತು ಚೌಡಯ್ಯ ಎಲ್ಲವನ್ನೂ ಕಂಡ.

ಆ ರಾತ್ರಿ ಅವನು ಉಣ್ಣಲಿಲ್ಲ. "ನನ್ನ ಕುರ್ಚಿ ತೊಳೆದ್ರೆ ತೊಳ್ಕಳ್ಲಿ. ಆ ಮನುಷ್ಯ ಕರೆದು ಕುಂಡ್ರಿಸಿದ. ಅವನಿಗೆ ಗೊತ್ತಿಲ್ಲ. ಹೇಳ್ಬೇಕು" ಎಂದ. "ಹೇಳಿ ಹೇಳಿ ಕೈ ಕಳ್ಕಂಡೆ, ಇನ್ನೂ ಹೇಳ್ತೀಯಾ" ಎಂದಳು ಪೆದ್ದಮ್ಮ. ಬೆಳಿಗ್ಗೆ ಅವಳೇ ಬುತ್ತಿ ಕಟ್ಟಿದಳು.

ಮಧುಗಿರಿಯಲ್ಲಿ ಬಸ್ಸು ಬದಲಿಸಿ ಸಿರಾ ತಲುಪುವ ಹೊತ್ತಿಗೆ ಬಿಸಿಲೇರಿತ್ತು. ಬ್ಯಾಂಡ್‌ಸೆಟ್ಟಿನ ಅಂಗಡಿ ಎಲ್ಲಿ ಎಂದು ಕೇಳಿದರೆ ಹಣ್ಣಿನ ಗಾಡಿಯವನು, "ಸೀದಾ ಹೋಗಿ ಚಾಚಾ, ಮಸೀದಿ ಪಕ್ಕದ ಗಲ್ಲಿ" ಎಂದ. ಭೀಮರಾಜು ಬಾಗಿಲಲ್ಲಿ ಕುಳಿತು ಕ್ಲಾರಿನೆಟ್ ಒರೆಸುತ್ತಿದ್ದ. ಒಳಗೆ ಐದಾರು ಮಂದಿ ಕೋಟುಗಳಿಗೆ ಇಸ್ತ್ರಿ ಹಾಕುತ್ತಿದ್ದರು. ಗುರುತು ಹಿಡಿದು ಎದ್ದು ನಿಂತ. ಟೀ ತರಿಸಿದ.

ಚೌಡಯ್ಯ ತಾನು ಕಂಡದ್ದನ್ನು ಮೊದಲಿನಿಂದ ಹೇಳಿದ. ಪೈಪು, ಕೋಲು, ಗೋಣಿಚೀಲ, ಸಗಣಿ ನೀರು. ಒಳಗಿನವರ ಕೈ ಇಸ್ತ್ರಿಪೆಟ್ಟಿಗೆಯ ಮೇಲೆಯೇ ನಿಂತಿತು.

ಭೀಮರಾಜು ಅವನನ್ನು ತಡೆಯಲು ಎರಡು ಸಲ ನೋಡಿದ, ಆಗಲಿಲ್ಲ. ಕೊನೆಗೆ, "ಗೊತ್ತು ದೊಡ್ಡಯ್ಯ" ಎಂದ.

"ಗೊತ್ತಾ?"

"ಇಪ್ಪತ್ತು ವರ್ಸದಿಂದ ಊದ್ತಾ ಇದೀನಿ, ಗೊತ್ತಿರಲ್ವಾ? ಎಲ್ಲಾ ಊರಲ್ಲೂ ಅಂಗೇ. ಅದಕ್ಕೇ ಕೆಲ್ಸ ಮುಗುದ ತಕ್ಷಣ ಗಾಡಿ ಹತ್ತೋದು. ಹಿಂದಕ್ಕೆ ತಿರುಗಿ ನೋಡಲ್ಲ ನಾವು. ಇವ್ರಿಗೂ ನಾನು ಹೇಳಿರ್ಲಿಲ್ಲ." ಒಳಗಿನವರ ಕಡೆ ಕಣ್ಣು ಹಾಯಿಸಿದ. "ಈಗ ನೀವು ಹೇಳ್ಬುಟ್ರಿ. ನಾಳೆ ಪಾವಗಡದಾಗೆ ಮದುವೆ ಅದೆ. ಇವ್ರು ಅಲ್ಲಿ ಕುರ್ಚಿ ಮೇಲೆ ಹೆಂಗೆ ಕುಂತ್ಕಂತಾರೆ?"

ಚೌಡಯ್ಯ ಟೀ ಲೋಟ ಕೆಳಗಿಟ್ಟ. "ಗೊತ್ತಿದ್ರೆ ಬುಡ್ಬೋದಲ್ಲಪ್ಪ" ಎಂದ.

"ಬುಟ್ಟು?"

ಭೀಮರಾಜುವಿನ ಕಣ್ಣು ಚೌಡಯ್ಯನ ಬಲಗೈಯ ಮೇಲೆ ಬಂದು ನಿಂತಿತು. ತನ್ನ ಬೆರಳುಗಳನ್ನು ಕ್ಲಾರಿನೆಟ್ಟಿನ ಮೇಲೆ ಒಂದೊಂದಾಗಿ ಎತ್ತಿ ಇಳಿಸಿದ. ಆಮೇಲೆ, "ಮಧುಗಿರಿ ಬಸ್ಸು ಈಗ ಬರ್ತದೆ, ನೀವು ಹೊರಡಿ ದೊಡ್ಡಯ್ಯ. ಇನ್ನೊಂದ್ಸಲ ಇಲ್ಲಿಗೆ ಬರಬ್ಯಾಡಿ" ಎಂದ.

ಮಾರನೆಯ ದಿನ ಬ್ಯಾಂಡ್‌ಸೆಟ್ಟು ಪಾವಗಡಕ್ಕೆ ಹೋಯಿತು. ಎಲ್ಲರೂ ಹೋದರು. ಆದರೆ ಮದುವೆಯ ಮನೆಯವರು ಕುರ್ಚಿ ಹಾಕಿ ಎಷ್ಟು ಕರೆದರೂ ಒಬ್ಬನೂ ಕೂರಲಿಲ್ಲವಂತೆ. ಮುಹೂರ್ತದಿಂದ ಊಟದವರೆಗೂ ಬಿಸಿಲಲ್ಲಿ ನಿಂತೇ ಇದ್ದರಂತೆ. ಯಾಕೆ ಎಂದು ಯಾರೂ ಕೇಳಲಿಲ್ಲ.